ಅನ್‌ಲಿಮಿಟೆಡ್ ಡೇಟಾ ಅಂದ್ರೆ ಲಿಮಿಟ್ಟೇ ಇಲ್ವಾ?

ಪ್ರಶ್ನೆ: ಅನ್‌ಲಿಮಿಟೆಡ್ ಡೇಟಾ ಪ್ಲಾನ್ ಒಳ್ಳೆಯದೋ, ಬಳಸಿದಷ್ಟಕ್ಕೇ ದುಡ್ಡು ಕೊಡೋದು ಒಳ್ಳೆಯದೋ? ಅನ್‌ಲಿಮಿಟೆಡ್ ಇದ್ದರೂ ತಿಂಗಳ ಕೊನೆಗೆ ನೆಟ್ ಆಮೆ ಥರ ಆಗುತ್ತದೆ, ಯಾಕೆ?

ಉತ್ತರ: ಮೊದಲು ಆಮೆ ವಿಷಯ. ಪ್ಲಾನಿನ ಷರತ್ತುಗಳನ್ನು ಪೂರ್ತಿ ಓದಿ ನೋಡಿ, ‘ಇಷ್ಟು ಜಿಬಿ ದಾಟಿದ ಮೇಲೆ ವೇಗ ಇಳಿಸಲಾಗುವುದು’ ಅಂತ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. 64 ಕೆಬಿಪಿಎಸ್‌ಗೆ ಇಳಿದರೆ ಮೆಸೇಜ್ ಹೋದೀತು, ವಿಡಿಯೊ ಮರೆತುಬಿಡಿ. ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ ಅನ್ನೋ ಮೊಬೈಲ್ ಕಂಪನಿ ಹೀಗೆ ವೇಗ ಇಳಿಸಿದ್ದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ 2014ರಲ್ಲಿ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತ್ತು, ಕೊನೆಗೆ 2019ರಲ್ಲಿ ಕಂಪನಿ 6 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

ಹಾಗಂತ ಜಿಬಿ ಲೆಕ್ಕವೇ ನ್ಯಾಯ ಅಂತಲೂ ಅಲ್ಲ. ಟವರಿಗೆ ಭಾರ ಬೀಳೋದು ಎಲ್ಲರೂ ಒಂದೇ ಹೊತ್ತಿಗೆ ವಿಡಿಯೊ ನೋಡಲು ಕೂತಾಗ. ನಡುರಾತ್ರಿ ನೀವು 10 ಜಿಬಿ ಇಳಿಸಿಕೊಂಡರೆ ಯಾರಿಗೂ ಅಷ್ಟಾಗಿ ತೊಂದರೆಯಿಲ್ಲ, ಮೀಟರ್ ಮಾತ್ರ ಎರಡೂ ಹೊತ್ತಿಗೂ ಒಂದೇ ರೇಟು ಹಾಕುತ್ತದೆ. ಇದ್ಯಾವ ಲೆಕ್ಕ ಅಲ್ವಾ?

ಇನ್ನು ನಿಮ್ಮ ಆಯ್ಕೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ ತೆರೆದು ಹೋದ ತಿಂಗಳದ್ದು ನೋಡಿ. ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿವರೆಗೂ ನುಂಗಬಹುದು, ಕ್ವಾಲಿಟಿ ತಗ್ಗಿಸಿದರೆ ಸುಮಾರು 1 ಜಿಬಿ. ಮೆಸೇಜು, ಮ್ಯಾಪು ಲೆಕ್ಕಕ್ಕೇ ಇಲ್ಲ. ಮನೆಯಲ್ಲಿ ವೈಫೈ ಇದ್ದರೆ ಸುಮ್ನೆ ಅನ್‌ಲಿಮಿಟೆಡ್‌ಗೆ ಜಾಸ್ತಿ ಕೊಡಬೇಡಿ. ಆದರೆ ಮಿತಿ ದಾಟಿದ ಕೂಡಲೇ ಕೇಳದೆಯೇ ಬಿಲ್ ಏರಿಸುವ ಪ್ಲಾನ್ ಆದರೆ ಅದರ ಸಹವಾಸವೇ ಬೇಡ.