ಈಗ ಸಿಗುವ ಗಾಂಜಾ ಎಲ್ಲ ಕುಲಾಂತರಿಯಾ? ಸೇದುವವರು ಅದನ್ನು ಯಾಕೆ ಅಷ್ಟು ಬೈಯುತ್ತಾರೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಈಗಿನ ಗಾಂಜಾ ಪೂರ್ತಿ ಜಿಎಂ (ಕುಲಾಂತರಿ, ಅಂದರೆ ಪ್ರಯೋಗಾಲಯದಲ್ಲಿ ಜೀನ್ ಬದಲಿಸಿದ್ದು), ಅದಕ್ಕೇ ಅಷ್ಟು ಜೋರಾಗಿ ಹೊಡೆಯುತ್ತದೆ ಅಂತ ಗೆಳೆಯರು ಹೇಳುತ್ತಾರೆ, ನಿಜಾನಾ ಅನ್ನೋದು ಒಂದು. ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳದವರು ಜಿಎಂ ಅಂದ ತಕ್ಷಣ ಯಾಕೆ ಮುಖ ಸಿಂಡರಿಸುತ್ತಾರೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು: ನಿಜ ಅಲ್ಲ. ಎರಡನೆಯದರಲ್ಲಿ ಮಾತಾಡಲು ಬೇಕಾದಷ್ಟಿದೆ.

ನಾನು ಸಸ್ಯ ತಳಿ ಅಭಿವೃದ್ಧಿ ಓದಿದವನು. ಸೇದುವುದಿಲ್ಲ. ಆದರೆ ಸೇದುವವರ ಜೊತೆಗೂ, ಕಾನೂನು ಒಪ್ಪಿರುವ ಕಡೆ ಬೆಳೆಯುವವರ ಜೊತೆಗೂ ಈ ವಿಷಯದಲ್ಲಿ ಸಾಕಷ್ಟು ಜಗಳ ಆಡಿದ್ದೇನೆ.

ಜೋರಾಗಿ ಹೊಡೆಯುವ ಕಥೆ ಮೊದಲು ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದ ಮಾದರಿಗಳಲ್ಲಿ ಟಿಎಚ್‌ಸಿ, ಅಂದರೆ ನಶೆ ಕೊಡುವ ಅಂಶ, 1995ರಲ್ಲಿ ಸರಾಸರಿ ಶೇ. 4ರಷ್ಟಿತ್ತು. 2014ಕ್ಕೆ ಶೇ. 12ರ ಹತ್ತಿರ ಬಂತು. ಇದು ಪ್ರಯೋಗಾಲಯದಲ್ಲಿ ಹೊರಗಿನ ಜೀನ್ ತುರುಕಿ ಮಾಡಿದ್ದಲ್ಲ. ಗಂಡು ಗಿಡ ಕಿತ್ತು ಹಾಕಿ ಹೆಣ್ಣು ಗಿಡಕ್ಕೆ ಪರಾಗ ತಾಗದಂತೆ ನೋಡಿಕೊಂಡರೆ ಅದು ಬೀಜ ಕಟ್ಟುವ ಬದಲು ಹೂ ಬಿಡುತ್ತಲೇ ಹೋಗುತ್ತದೆ, ನಶೆಯ ಅಂಶ ಇರುವ ಅಂಟು ಹೆಚ್ಚಾಗುತ್ತದೆ. ಅದರಲ್ಲಿ ಜೋರಾದ ಗಿಡ ಆರಿಸಿ, ಅದರ ಟೊಂಗೆ ಕತ್ತರಿಸಿ ನೆಟ್ಟು, ಮತ್ತೆ ಆರಿಸಿ, ಮತ್ತೆ ಅಡ್ಡ ಹಾಯಿಸಿ, ದೀಪದ ಕೆಳಗೆ ಬೆಳೆಸಿ. 1970ರ ದಶಕದ ಕ್ಯಾಲಿಫೋರ್ನಿಯಾ, ಆಮೇಲೆ ನೆದರ್ಲೆಂಡ್ಸ್‌ನ ಬೀಜದವರು ಮಾಡಿದ್ದು ಇಷ್ಟೇ. ಹಳೇ ಕಾಲದ ಹೈಬ್ರಿಡ್ ಕೆಲಸ, ಆದರೆ ಹಟ ಹಿಡಿದು ಮಾಡಿದ್ದು.

ನಿಜವಾಗಿ ಕುಲಾಂತರಿ ಗಾಂಜಾ ಮಾಡುವುದು ಅಷ್ಟು ಸುಲಭವೂ ಅಲ್ಲ. ಜೀನ್ ಸೇರಿಸಿದ ಒಂದು ಜೀವಕೋಶದಿಂದ ಪೂರ್ತಿ ಗಿಡ ಬರಬೇಕಲ್ಲ, ಅಲ್ಲಿಯೇ ಈ ಗಿಡ ಮೊಂಡಾಟ ಮಾಡುತ್ತದೆ. ತಟ್ಟೆಯಲ್ಲಿ ಕೋಶಗಳು ಹಸಿರು-ಬಿಳಿ ಮುದ್ದೆಯಾಗಿ ಚೆನ್ನಾಗಿಯೇ ಬೆಳೆಯುತ್ತವೆ. ಆ ಮುದ್ದೆಯಿಂದ ಚಿಗುರು ಮಾತ್ರ ಸುಲಭಕ್ಕೆ ಏಳುವುದಿಲ್ಲ. ತಂಬಾಕು ಗಿಡದಲ್ಲಿ ಇದೇ ಕೆಲಸ ಎಷ್ಟೋ ಸಲೀಸು. 2021ರಲ್ಲಿ ಕ್ರಿಸ್ಪರ್ ಅನ್ನುವ ಜೀನ್ ಕತ್ತರಿ ಬಳಸಿ ಗಿಡದ ಬಣ್ಣಕ್ಕೆ ಬೇಕಾದ ಒಂದು ಜೀನ್ ಕೆಡಿಸಿ, ಬಿಳಿಚಿಕೊಂಡ ಸಸಿಗಳನ್ನು ವಿಜ್ಞಾನಿಗಳು ತೋರಿಸಿದರು. ಅಂಥ ಸಸಿಯಿಂದ ಯಾರಿಗೂ ಉಪಯೋಗ ಇಲ್ಲ, ತಿದ್ದುಪಡಿ ಆಗಿದೆ ಅಂತ ಕಣ್ಣಿಗೆ ಕಾಣಲಿ ಅಂತ ಮಾಡಿದ್ದು. 2023ರಲ್ಲಿ ಅಮೆರಿಕದ ಕೃಷಿ ಇಲಾಖೆಯಿಂದ ಹಸಿರು ನಿಶಾನೆ ಪಡೆದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆಂಪ್ (ನಶೆ ತೀರಾ ಕಡಿಮೆ ಇರುವ ಗಾಂಜಾ ಗಿಡ) ತಳಿ ಇದೆ, ಬ್ಯಾಜರ್ ಜಿ ಅಂತ. ಅದನ್ನು ಮಾಡಿದ ಉದ್ದೇಶ ಏನು ಗೊತ್ತಾ? ಟಿಎಚ್‌ಸಿ ಬರಬಾರದು ಅಂತ. ಜನ ಹೆದರಿದ್ದು ತಲೆ ತಿರುಗಿಸುವ ಜಿಎಂ ಗಾಂಜಾಕ್ಕೆ, ಬಂದದ್ದು ನಶೆಯೇ ಇಲ್ಲದ್ದು.

ಈಗ ಎರಡನೇ ಪ್ರಶ್ನೆ. ಬೈಯುವವರನ್ನು ಕೂರಿಸಿಕೊಂಡು ಸ್ವಲ್ಪ ಕೆದಕಿದರೆ ಒಂದು ತಮಾಷೆ ಕಾಣುತ್ತದೆ. "ಗಿಡಕ್ಕೆ ಕೈ ಹಾಕಬಾರದು, ಪ್ರಕೃತಿ ಕೊಟ್ಟದ್ದು" ಅನ್ನುವವರೇ ಹೆಣ್ಣು ಗಿಡ ಮಾತ್ರ ಹುಟ್ಟುವ ಬೀಜಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ಆ ಬೀಜ ಹೇಗೆ ಬರುತ್ತದೆ? ಒಳ್ಳೆಯ ಹೆಣ್ಣು ಗಿಡದ ಒಂದು ಕೊಂಬೆಗೆ ಬೆಳ್ಳಿಯ ದ್ರಾವಣ ಸಿಂಪಡಿಸುತ್ತಾರೆ. ಗಿಡದೊಳಗಿನ ಎಥಿಲೀನ್ ಅನ್ನುವ ಹಾರ್ಮೋನಿನ ಕೆಲಸವನ್ನು ಬೆಳ್ಳಿ ತಡೆಯುತ್ತದೆ. ಕೆಲವು ವಾರದಲ್ಲಿ, ಬಿಳಿ ಎಳೆಗಳ ಹೆಣ್ಣು ಹೂ ಬರಬೇಕಾದ ಜಾಗದಲ್ಲಿ ಸಣ್ಣ ಸಣ್ಣ ಹಸಿರು ಗುಂಡುಗಳು ಜೋತು ಬೀಳುತ್ತವೆ. ಅವು ಒಡೆದು ತಿಳಿ ಹಳದಿ ಪುಡಿ ಉದುರಿಸುತ್ತವೆ. ಹೆಣ್ಣು ಗಿಡ ಪರಾಗ ಕೊಡುತ್ತಿದೆ! ಗಂಡು ಕ್ರೋಮೋಸೋಮೇ ಇಲ್ಲದ ಪರಾಗವಾದ್ದರಿಂದ ಹುಟ್ಟುವುದೆಲ್ಲ ಹೆಣ್ಣೇ. ಇದಕ್ಕಿಂತ ಪ್ರಕೃತಿಗೆ ಕೈ ಹಾಕುವುದು ಇನ್ನೇನಿದೆ ಹೇಳಿ. ಆದರೂ ಇದಕ್ಕೆ ಯಾರೂ ಕೂಗಾಡುವುದಿಲ್ಲ.

ಮೊದಲು ನಾನು ಇದನ್ನು ಬರೀ ಇಬ್ಬಂದಿತನ ಅಂದುಕೊಂಡು ನಗುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವರ ಸಿಟ್ಟು ಜೀನ್ ಮೇಲಲ್ಲ, ಜೀನ್ ಯಾರ ಕೈಯಲ್ಲಿ ಇರುತ್ತದೆ ಅನ್ನುವುದರ ಮೇಲೆ. ಬೆಳ್ಳಿ ಸಿಂಪಡಿಸುವವನು ಅವರಂಥವನೇ, ಕದ್ದು ಮುಚ್ಚಿ ಬೆಳೆಸಿ, ಜೈಲಿನ ಭಯದಲ್ಲೇ ತಳಿ ಕಾಪಾಡಿಕೊಂಡು ಬಂದವನು. ಜೀನ್ ಬದಲಿಸುವವರು ಕೋಟು ಹಾಕಿಕೊಂಡು, ಕಾನೂನು ಸಡಿಲವಾದ ಮೇಲೆ ಬಂದವರು. ಗಾಂಜಾ ವಲಯದಲ್ಲಿ ವರ್ಷಗಟ್ಟಲೆ ಓಡಾಡಿದ ಗಾಳಿಸುದ್ದಿ ಅಂದರೆ ಜಿಎಂ ಬೀಜ ಮಾರುವ ದೊಡ್ಡ ಕಂಪನಿ ಮಾನ್ಸಾಂಟೊ ಜಿಎಂ ಗಾಂಜಾ ತರುತ್ತಿದೆ ಅನ್ನೋದು. ನಮಗೆ ಅಂಥ ಕೆಲಸ ಇಲ್ಲ ಅಂತ ಕಂಪನಿಯೇ ಬಹಿರಂಗವಾಗಿ ಹೇಳಿತ್ತು. ಯಾರು ನಂಬುತ್ತಾರೆ? ಸೋಯಾ ಬೀಜ ಉಳಿಸಿಕೊಂಡು ಮತ್ತೆ ಬಿತ್ತಿದ ರೈತನ ವಿರುದ್ಧ ಅದೇ ಕಂಪನಿ 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ಎಲ್ಲರಿಗೂ ನೆನಪಿತ್ತು.

ಅಪನಂಬಿಕೆಗೆ ಇನ್ನೂ ಹಳೇ ಬೇರಿದೆ. 1970ರ ದಶಕದಲ್ಲಿ ಅಮೆರಿಕದ ನೆರವಿನಿಂದ ಮೆಕ್ಸಿಕೊ ಸರ್ಕಾರ ಗಾಂಜಾ ಹೊಲಗಳ ಮೇಲೆ ಪ್ಯಾರಾಕ್ವಾಟ್ ಕಳೆನಾಶಕ ಹೊಡೆಸಿತು. ಸಾಯುವ ಮೊದಲೇ ಕೊಯ್ದ ಗಿಡ ಗಡಿ ದಾಟಿ ಬಂತು. 1978ರಲ್ಲಿ ಅದು ಸುದ್ದಿಯಾದಾಗ ಸೇದುವವರು ಬೆಚ್ಚಿಬಿದ್ದರು. 1999ರಲ್ಲಿ ಫ್ಲೋರಿಡಾದಲ್ಲಿ ಗಾಂಜಾ ಗಿಡ ಕೊಲ್ಲಲು ಫ್ಯುಸೇರಿಯಂ ಶಿಲೀಂಧ್ರ ಬಿಡೋಣ ಅನ್ನುವ ಯೋಚನೆಯೂ ಬಂದಿತ್ತು, ವಿರೋಧ ಬಂದ ಮೇಲೆ ಕೈಬಿಟ್ಟರು. ತಾನು ಸೇದುವ ಗಿಡದ ಮೇಲೆ ವಿಷ ಹೊಡೆಸಿದವರನ್ನು ಕಂಡವನು "ಇದು ಸುರಕ್ಷಿತ" ಅನ್ನುವ ಪ್ರಮಾಣಪತ್ರ ನೋಡಿ ತಲೆ ಆಡಿಸುತ್ತಾನಾ?

ಫೈಲೋಸ್ ಗಲಾಟೆಯಲ್ಲಿ ಇದೆಲ್ಲ ಒಟ್ಟಿಗೆ ಸಿಡಿಯಿತು. ಅಮೆರಿಕದ ಆರೆಗನ್‌ನ ಈ ಕಂಪನಿ ಬೆಳೆಗಾರರಿಂದ ಗಿಡದ ಚೂರು ತರಿಸಿಕೊಂಡು ಡಿಎನ್‌ಎ ಓದಿ, ಯಾವ ತಳಿ ಯಾವುದಕ್ಕೆ ನೆಂಟ ಅಂತ ಗ್ಯಾಲಕ್ಸಿ ಹೆಸರಿನ ನಕ್ಷೆ ಮಾಡುತ್ತಿತ್ತು. ದೊಡ್ಡ ಕಂಪನಿಗಳು ಪೇಟೆಂಟ್ ಹೊಡೆದುಕೊಳ್ಳುವ ಮೊದಲು ನಮ್ಮ ತಳಿ ದಾಖಲಾಗಲಿ ಅಂತ ಎಷ್ಟೋ ಜನ ನಂಬಿ ಕಳಿಸಿದರು. 2019ರಲ್ಲಿ ಕಂಪನಿ ತಾನೇ ತಳಿ ಅಭಿವೃದ್ಧಿಗೆ ಇಳಿಯುವುದಾಗಿ ಹೇಳಿತು. ಗ್ರಾಹಕರ ಮಾದರಿಗಳನ್ನು ಅದಕ್ಕೆ ಬಳಸುವುದಿಲ್ಲ ಅಂದರೂ ಬೆಳೆಗಾರರ ಸಿಟ್ಟು ಇಳಿಯಲಿಲ್ಲ. ಗಮನಿಸಿ, ಇಲ್ಲಿ ಕುಲಾಂತರಿ ಅನ್ನುವುದೇ ಇಲ್ಲ. ಅಮೆರಿಕದಲ್ಲಿ 2015ರಲ್ಲಿ ಗಾಂಜಾ ಗಿಡದ ಮೇಲೆ ಸಿಕ್ಕ ಯುಟಿಲಿಟಿ ಪೇಟೆಂಟ್ (ಆವಿಷ್ಕಾರಕ್ಕೆ ಕೊಡುವ ಒಡೆತನದ ಹಕ್ಕು) ಕೂಡ ಮಾಮೂಲಿ ಅಡ್ಡತಳಿಯ ಮೇಲೆಯೇ. ಜಿಎಂ ಬೇಡ ಅಂತ ಬಾಗಿಲು ಕಾಯುತ್ತಿರುವವರಿಗೆ ನಾನು ಹೇಳುವುದು ಇದನ್ನೇ: ಒಡೆತನ ಕಿಟಕಿಯಿಂದ ಆಗಲೇ ಒಳಗೆ ಬಂದಿದೆ.

ನಾನು ಅವರ ಜೊತೆ ಒಪ್ಪದ ಜಾಗ ಆರೋಗ್ಯದ್ದು. "ಬೇರೆ ಜೀನ್ ಹೊಗೆಯಲ್ಲಿ ಎದೆಗೆ ಹೋದರೆ?" ಅನ್ನುತ್ತಾರೆ. ಉರಿಯುವ ತುದಿಯ ಬಿಸಿಗೆ ಡಿಎನ್‌ಎ ಉಳಿಯುವುದಿಲ್ಲ, ಗಿಡದ್ದೇ ಆದರೂ ಹೊರಗಿನಿಂದ ಸೇರಿಸಿದ್ದಾದರೂ. ಎದೆಗೆ ಹೋಗುವುದು ಟಾರು, ಕಾರ್ಬನ್ ಮಾನಾಕ್ಸೈಡು, ಮತ್ತೆ ಗಿಡದ ಮೇಲೆ ಏನು ಹೊಡೆದಿದ್ದರೋ ಅದು. ಬೂದಿ ರೋಗ ಈ ಬೆಳೆಯ ದೊಡ್ಡ ಶತ್ರು. ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಚುಕ್ಕೆ ಶುರುವಾಗುತ್ತದೆ, ನೋಡನೋಡುತ್ತಾ ಹೂವಿಗೂ ಹತ್ತುತ್ತದೆ. ಅದಕ್ಕೆ ಮೈಕ್ಲೋಬ್ಯುಟನಿಲ್ ಅನ್ನುವ ಶಿಲೀಂಧ್ರನಾಶಕ ಹೊಡೆಯುವವರಿದ್ದಾರೆ. ತಿನ್ನುವ ಹಣ್ಣಿನ ಮೇಲೆ ಅದಕ್ಕೆ ಮಿತಿ ಇಟ್ಟು ಅನುಮತಿ ಇದೆ, ಆದರೆ ಬೆಂಕಿ ತಾಗಿದರೆ ಅದು ಹೈಡ್ರೋಜನ್ ಸಯನೈಡ್ ಅನಿಲ ಬಿಡುತ್ತದೆ. ಕೆನಡಾದಲ್ಲಿ 2016-17ರಲ್ಲಿ ಲೈಸೆನ್ಸ್ ಇದ್ದ ಕಂಪನಿಗಳ ಗಾಂಜಾವನ್ನೇ ಈ ಕಾರಣಕ್ಕೆ ವಾಪಸ್ ಕರೆಸಬೇಕಾಯಿತು. ಬೂದಿ ರೋಗಕ್ಕೆ ದಾರಿ ಬಿಡುವ ಎಂಎಲ್ಒ ಜೀನನ್ನು ಕೆಡಿಸಿದರೆ ಗಿಡವೇ ರೋಗ ತಡೆಯುತ್ತದೆ. ಬಾರ್ಲಿಯಲ್ಲಿ ಇಂಥ ತಳಿಗಳು ದಶಕಗಳಿಂದ ಇವೆ. ಗಾಂಜಾದಲ್ಲೂ ಇದನ್ನು ಮಾಡಿದರೆ ಸೇದುವವನ ಎದೆಗೆ ವಿಷ ಕಡಿಮೆ ಹೋಗುತ್ತದೆ ಅಂತ ನನ್ನ ಲೆಕ್ಕ. ಆದರೂ "ಎಡಿಟ್ ಮಾಡಿದ್ದು" ಅಂದ ಕೂಡಲೇ ಮುಖ ತಿರುಗಿಸುತ್ತಾರೆ, ಸಯನೈಡ್ ವಿಷಯಕ್ಕೆ "ಹೌದಾ?" ಅಂತ ಸುಮ್ಮನಾಗುತ್ತಾರೆ.

ಹಾಗೆಯೇ ಜೋರು ಸರಕಿನ ವಿಷಯ. ಯುರೋಪ್ ಮತ್ತು ಬ್ರೆಜಿಲ್‌ನ ಊರುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 10 ಅಥವಾ ಅದಕ್ಕಿಂತ ಹೆಚ್ಚು ಟಿಎಚ್‌ಸಿ ಇರುವುದನ್ನು ದಿನಾ ಸೇದುವವರಲ್ಲಿ ಸೈಕೋಸಿಸ್ (ಭ್ರಮೆ ಬಂದು ವಾಸ್ತವದ ಅರಿವು ತಪ್ಪುವ ಮಾನಸಿಕ ಕಾಯಿಲೆ) ಸಾಧ್ಯತೆ ಎಂದೂ ಸೇದದವರಿಗಿಂತ ಸುಮಾರು 5 ಪಟ್ಟು ಕಂಡಿತು. ಆ ಸರಕು ಹೆಚ್ಚುಕಮ್ಮಿ ಪೂರ್ತಿ "ನ್ಯಾಚುರಲ್" ತಳಿಯದೇ.

ಎಲ್ಲ ಸೇದುವವರೂ ಒಂದೇ ಥರ ಅಲ್ಲ, ಅದನ್ನೂ ಹೇಳಬೇಕು. ಹಳಬರು, ಜವಾರಿ ತಳಿಯೇ ಬೇಕು ಅನ್ನುವವರು, ಅತಿ ಕಟುವಾಗಿ ವಿರೋಧಿಸುತ್ತಾರೆ. ಅವರ ಒಂದು ವಾದ ಮಾತ್ರ ಗಟ್ಟಿ: ಈ ಗಿಡದ ಪರಾಗ ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತದೆ, ಬಯಲಲ್ಲಿ ಬೆಳೆದ ಬದಲಾದ ತಳಿ ಪಕ್ಕದ ಹಳೇ ತಳಿಗೆ ಬೆರೆತರೆ ಬಿಡಿಸಲು ಆಗುವುದಿಲ್ಲ. ಇದಕ್ಕೆ ನನ್ನ ಹತ್ತಿರ ಪೂರ್ತಿ ಸಮಾಧಾನ ಕೊಡುವ ಉತ್ತರ ಇಲ್ಲ. ಕ್ರೋಮೋಸೋಮುಗಳ ಮೂರು ಪ್ರತಿ ಇದ್ದು ಬೀಜ ಹೆಚ್ಚುಕಮ್ಮಿ ಕಟ್ಟದ ಟ್ರಿಪ್ಲಾಯ್ಡ್ ತಳಿಗಳು ಸ್ವಲ್ಪ ಸಹಾಯ ಮಾಡಬಹುದು ಅಷ್ಟೇ. ನೋವಿಗೆ, ಅಪಸ್ಮಾರಕ್ಕೆ ಔಷಧಿಯಾಗಿ ತೆಗೆದುಕೊಳ್ಳುವವರು ಡೋಸ್ ಸರಿಯಾಗಿ ಬರುತ್ತದಾ ಅಂತ ಮಾತ್ರ ಕೇಳುತ್ತಾರೆ. ಇನ್ನು ಗಾಂಜಾ ಎಣ್ಣೆ ತುಂಬಿದ ವೇಪ್ ಕಾರ್ಟ್ರಿಜ್ ಎಳೆಯುವ ಹುಡುಗರಿಗೆ ಗಿಡದ ಮುಖ ನೋಡಿಯೇ ಗೊತ್ತಿರುವುದಿಲ್ಲ. 2019ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಜೀನ್ ಸೇರಿಸಿದ ಯೀಸ್ಟ್‌ನಿಂದಲೇ ಟಿಎಚ್‌ಸಿ, ನಶೆ ಕೊಡದ ಸಿಬಿಡಿ ಎರಡನ್ನೂ ಮಾಡಿ ತೋರಿಸಿದ್ದಾರೆ. ನಾಳೆ ಅದು ಕಾರ್ಟ್ರಿಜ್‌ಗೆ ಬಂದರೂ ಇವರು ಕೇಳುವುದು ಫ್ಲೇವರ್ ಯಾವುದು ಅಂತ.

ನಿಮ್ಮ ಗೆಳೆಯರು ಇನ್ನೊಮ್ಮೆ "ವಾಸನೆ ನೋಡಿದರೇ ಗೊತ್ತು, ಇದು ಜಿಎಂ" ಅಂದರೆ ನಂಬಬೇಡಿ. ಕಣ್ಣಿಗೆ, ಮೂಗಿಗೆ, ನಶೆಗೆ ಅದು ಗೊತ್ತಾಗುವುದಿಲ್ಲ. ಡಿಎನ್‌ಎ ಪರೀಕ್ಷೆಯೇ ಮಾಡಬೇಕು, ಅದೂ ಯಾವ ಬದಲಾವಣೆ ಹುಡುಕುತ್ತಿದ್ದೇವೆ ಅಂತ ಮೊದಲೇ ತಿಳಿದಿರಬೇಕು.