ಸಂಪಾದಕರ ಉತ್ತರ: ಸಂವಿಧಾನ ಇರುವಾಗ ದೇವಶಾಸ್ತ್ರ ಯಾಕೆ?

ಕಾರ್ಕಳದ ಓದುಗರೇ,

ವಿತೋರಿಯಾ ಕುರಿತ ನಮ್ಮ ಲೇಖನ ಓದಿ ನೀವು ಹೀಗೆ ಕೇಳಿದ್ದೀರಿ: "ಮನುಷ್ಯನ ಘನತೆ ಕಾಯಲು ಸಂವಿಧಾನ ಇದೆ. ಘನತೆ ಕಸಿದದ್ದೇ ಧರ್ಮ. ಐನೂರು ವರ್ಷ ಹಿಂದಿನ ಪಾದ್ರಿಯ ದೇವಶಾಸ್ತ್ರ ಮಂಗಳೂರಿನ ಪತ್ರಿಕೆಗೆ ಯಾಕೆ ಬೇಕು?"

ನಿಮ್ಮ ಸಿಟ್ಟಿಗೆ ಕಾರಣವಿದೆ. ಧರ್ಮದ ಹೆಸರಲ್ಲಿ ನಡೆದ ಅವಮಾನವನ್ನು ಯಾರೂ ಅಲ್ಲಗಳೆಯಲಾರರು. ನಾವು ವಿತೋರಿಯಾರನ್ನು ಆರಿಸಿಕೊಂಡದ್ದೂ ಅದಕ್ಕಾಗಿಯೇ.

ಫ್ರಾನ್ಸಿಸ್ಕೊ ದೆ ವಿತೋರಿಯಾ ಸ್ಪೇನಿನ ಸಾಲಮಾಂಕದಲ್ಲಿ ಪಾಠ ಹೇಳುತ್ತಿದ್ದ ಡೊಮಿನಿಕನ್ ಸನ್ಯಾಸಿ. 1539ರಲ್ಲಿ ಅವರು ಅಮೆರಿಕದ ಮೂಲನಿವಾಸಿಗಳ ಬಗ್ಗೆ ಉಪನ್ಯಾಸ ಕೊಡುವ ಹೊತ್ತಿಗೆ ಮೆಕ್ಸಿಕೊ, ಪೆರು ಎರಡೂ ಸ್ಪೇನಿನ ಕೈಗೆ ಬಿದ್ದಿದ್ದವು. ಆ ಜನ ಕ್ರೈಸ್ತರಲ್ಲ, ಪಾಪಿಗಳು, ಹಾಗಾಗಿ ತಮ್ಮ ನೆಲಕ್ಕೆ ಒಡೆಯರೇ ಅಲ್ಲ ಎಂಬುದು ಗೆದ್ದವರ ಪರ ನಿಂತವರ ಒಂದು ವಾದ. ವಿತೋರಿಯಾ ಅದನ್ನು ದೇವಶಾಸ್ತ್ರದಿಂದಲೇ ಮುರಿದರು. ಮನುಷ್ಯ ದೇವರ ಪ್ರತಿರೂಪ. ಆ ರೂಪ ಹುಟ್ಟಿನಿಂದ ಬಂದ ವಿವೇಕಶಕ್ತಿಯಲ್ಲಿದೆ. ಪಾಪ ಮಾಡಿದರೂ, ನಂಬದೇ ಹೋದರೂ ಅದು ಅಳಿಯದು, ಒಡೆತನವೂ ಹೋಗದು. ಆ ಮೂಲನಿವಾಸಿಗಳ ಮೇಲೆ ಪೋಪರಿಗೆ ಲೌಕಿಕ ಅಧಿಕಾರವಿಲ್ಲ. ಚಕ್ರವರ್ತಿ ಜಗತ್ತಿಗೆಲ್ಲ ಒಡೆಯನಲ್ಲ. ಸ್ಪೇನಿನವರಾದ ನಾವು ಅವರನ್ನು ಕಂಡುಹಿಡಿದೆವು ಎಂದರೆ, ಅವರೇ ಬಂದು ನಮ್ಮನ್ನು ಕಂಡುಹಿಡಿದಿದ್ದರೆ ಸ್ಪೇನ್ ಅವರದಾಗುತ್ತಿತ್ತೇ? ಅದೇ ವರ್ಷದ ನವೆಂಬರಿನಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ವಿತೋರಿಯಾರ ಮಠದ ಮುಖ್ಯಸ್ಥರಿಗೆ ಪತ್ರ ಬರೆದು ಇಂಥ ಚರ್ಚೆ ನಿಲ್ಲಿಸಲು ಆಜ್ಞೆ ಮಾಡಿದ.

ಆದರೆ ಮೂಲನಿವಾಸಿಗಳು ಸ್ಪೇನಿನವರ ಸಂಚಾರ, ವ್ಯಾಪಾರ ತಡೆದರೆ ಯುದ್ಧ ನ್ಯಾಯವಾದೀತು ಎಂದೂ ವಿತೋರಿಯಾ ಹೇಳಿದರು. ವ್ಯಾಪಾರಕ್ಕೆಂದು ಬಂದವರು ಏನು ಮಾಡುತ್ತಾರೆಂದು ಪೋರ್ಚುಗೀಸರೊಡನೆ ಕಾದಿದ ಅಬ್ಬಕ್ಕನ ಉಳ್ಳಾಲಕ್ಕೆ ಹೇಳಿಕೊಡಬೇಕಿಲ್ಲ.

ಈಗ ನಮ್ಮೂರಿಗೆ ಬನ್ನಿ. ಅಸ್ಪೃಶ್ಯತೆ ರದ್ದು ಮಾಡಿದ 17ನೇ ವಿಧಿ 1950ರಿಂದಲೇ ಇದೆ. ಆದರೂ 2000ರಲ್ಲಿ ಕರಾವಳಿಯ ಆದಿವಾಸಿ ಕೊರಗರನ್ನು ಹೀನವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ತರಬೇಕಾಯಿತು. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು ಅಪರಾಧವೆಂದು ಬಿಡಿಸಿ ಬರೆಯಬೇಕಾಯಿತು. ಕಾನೂನು ಇದ್ದೂ ಇದು ಉಳಿಯಿತು. ಮನೆಯವರ ರೋಗ, ದೋಷ ಕೊರಗರಿಗೆ ದಾಟಿಹೋಗುತ್ತದೆ ಎಂಬ ನಂಬಿಕೆ ಅದನ್ನು ಕಾಪಾಡಿತು. ಪೊಲೀಸರು ಕೇಸು ಹಾಕಬಹುದು. ಆದರೆ ಇದು ಯಾವ ದೇವರಿಗೂ ಸಲ್ಲದು ಎಂದು ಗುತ್ತಿನ (ಊರಿನ ದೊಡ್ಡ ಮನೆತನದ) ಚಾವಡಿಯಲ್ಲೇ ನಿಂತು ಹೇಳಬೇಕಾದವರು ಅದೇ ನಂಬಿಕೆಯೊಳಗೆ ಬೆಳೆದವರು. 1897ರಲ್ಲಿ ಮಂಗಳೂರಿನಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ಬ್ರಹ್ಮಸಮಾಜದ ಶ್ರದ್ಧೆಯಿಂದಲೇ ಹೊರಟರು, ಸ್ವಂತ ಜಾತಿಯ ಬಹಿಷ್ಕಾರ ಉಂಡರು.

ಸಂವಿಧಾನದ ಜಾಗದಲ್ಲಿ ದೇವಶಾಸ್ತ್ರವನ್ನು ಕೂರಿಸುವ ಉದ್ದೇಶ ನಮಗಿಲ್ಲ. ನಿಮ್ಮ ಪತ್ರದ ಇನ್ನೊಂದು ದೂರು, ಆ ಲೇಖನದಲ್ಲಿ ಅವಮಾನ ಉಂಡವರ ದನಿಯೇ ಇಲ್ಲ ಎಂಬುದು, ನನಗೆ ಹೆಚ್ಚು ತಟ್ಟಿತು. ಅಜಲಿನ ಬಗ್ಗೆ ಕೊರಗ ಸಮುದಾಯದವರಿಂದಲೇ ಬರೆಸುತ್ತೇವೆ.