ಒಂದು ಟಿ, ಎರಡು ಟಿ

ಪ್ರಶ್ನೆ: ಮಡಿಕೇರಿ ಹತ್ತಿರ ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತೇನೆ. ತೋಟದ ಕಡೆ ರೂಮ್ ಬೇಕಾ, ಗದ್ದೆ ಕಡೆ ರೂಮ್ ಬೇಕಾ ಎಂದು ಅತಿಥಿಯೊಬ್ಬರಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಹಾಕಿದ್ದೆ. 'ದಿ ಲ್ಯಾಟರ್, ಪ್ಲೀಸ್' ಎಂದು ಉತ್ತರ ಬಂತು. ನಾನು ಲೇಟರ್ ಎಂದು ಓದಿಕೊಂಡೆ. ಆಮೇಲೆ ಹೇಳುತ್ತಾರೆ ಅಂತ ಎರಡು ದಿನ ಕಾದು, ಗದ್ದೆ ಕಡೆ ರೂಮನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ಅವರು ಬಂದು ನಿಂತಾಗ ಮುಖ ತೋರಿಸಲು ಆಗಲಿಲ್ಲ. ಏನಿದರ ವ್ಯತ್ಯಾಸ? ಎಲ್ಡರ್–ಓಲ್ಡರ್, ಫಾರ್ದರ್–ಫರ್ದರ್ ಕೂಡ ಗೊಂದಲವೇ.
— ಓದುಗರೊಬ್ಬರು, ಮಡಿಕೇರಿ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಎರಡೂ 'ಲೇಟ್' ಎಂಬ ಒಂದೇ ಪದದಿಂದ ಹುಟ್ಟಿದವು, ಕಣ್ಣು ತಪ್ಪುವುದು ಸಹಜ. ಒಂದು 'ಟಿ' ಇದ್ದರೆ ಲೇಟರ್, ಅಂದರೆ ಆಮೇಲೆ. ಎರಡು 'ಟಿ' ಇದ್ದರೆ ಲ್ಯಾಟರ್, ಅಂದರೆ ಹೇಳಿದ ಎರಡರಲ್ಲಿ ಎರಡನೆಯದು. ಎರಡು ಟಿ, ಎರಡನೆಯದು, ಇಷ್ಟು ನೆನಪಿಟ್ಟುಕೊಂಡರೆ ಸಾಕು. ಲ್ಯಾಟರ್ ಮುಂದೆ ಸಾಮಾನ್ಯವಾಗಿ 'ದಿ' ಇರುತ್ತದೆ, ನಿಮಗೆ ಬಂದ ಉತ್ತರದಲ್ಲೂ ಇತ್ತು ಅಲ್ವಾ?

ನಮ್ಮ ಕಾಫಿ ತೋಟದಲ್ಲೇ ನೋಡಿ. 'ಅರೇಬಿಕಾ ಮತ್ತು ರೋಬಸ್ಟಾ' ಎಂದು ಬರೆದು ಮುಂದೆ 'ದಿ ಲ್ಯಾಟರ್' ಎಂದರೆ ಅದು ರೋಬಸ್ಟಾ, ಯಾಕೆಂದರೆ ಹೆಸರು ಎರಡನೆಯದಾಗಿ ಬಂತು. ಅರೇಬಿಕಾ ಮೊದಲು ಹಣ್ಣಾಗುತ್ತದೆ, ರೋಬಸ್ಟಾ ಕುಯ್ಯುವುದು ಅದರ ನಂತರ, ಅದಕ್ಕೆ ಲೇಟರ್. ಹೆಸರುಗಳನ್ನು ಹಿಂದುಮುಂದು ಬರೆದರೆ ಲ್ಯಾಟರ್ ಅರೇಬಿಕಾ ಆಗುತ್ತದೆ, ಆದರೆ ಲೇಟರ್ ಆಗಿ ಕುಯ್ಯುವುದು ಆಗಲೂ ರೋಬಸ್ಟಾವನ್ನೇ. ಮೂರು ರೂಮ್ ಕೊಟ್ಟು ಕೇಳಿದರೆ ಮಾತ್ರ ಲ್ಯಾಟರ್ ಸರಿಹೋಗುವುದಿಲ್ಲ, 'ಲಾಸ್ಟ್' ಎನ್ನಬೇಕು. ನನ್ನ ಮಾತು ಕೇಳುವುದಾದರೆ, ವ್ಯವಹಾರದ ಮೆಸೇಜಿನಲ್ಲಿ ನೀವು ಲ್ಯಾಟರ್ ಬರೆಯಲೇಬೇಡಿ. ರೂಮಿನ ಹೆಸರನ್ನೇ ಇನ್ನೊಮ್ಮೆ ಬರೆದು, ಇದೇ ಅಲ್ವಾ ಎಂದು ಕೇಳಿಬಿಡಿ.

ಎಲ್ಡರ್ ವಿಷಯದಲ್ಲಿ ನಾವು ಎಡವುವುದು ಕನ್ನಡದಿಂದಲೇ. ನಮ್ಮಲ್ಲಿ ಹೋಲಿಸುವ ಕೆಲಸವನ್ನೆಲ್ಲ 'ಗಿಂತ' ಮಾಡುತ್ತದೆ, 'ದೊಡ್ಡ' ಎಂಬ ಪದ ಹಾಗೇ ಇರುತ್ತದೆ. 'ಅಕ್ಕ ನನಗಿಂತ ದೊಡ್ಡವಳು' ಎಂಬುದನ್ನು ಹಾಗೇ ಎತ್ತಿಕೊಂಡು 'ಎಲ್ಡರ್ ದ್ಯಾನ್ ಮಿ' ಎನ್ನುತ್ತೇವೆ. ಎಲ್ಡರ್ ಜೊತೆ 'ದ್ಯಾನ್' ಸೇರುವುದಿಲ್ಲ. 'ಮೈ ಎಲ್ಡರ್ ಸಿಸ್ಟರ್' ಸರಿ, 'ಓಲ್ಡರ್ ದ್ಯಾನ್ ಮಿ' ಸರಿ. ಎಲ್ಡರ್ ಮನುಷ್ಯರಿಗೆ, ಅದರಲ್ಲೂ ಹೆಚ್ಚಾಗಿ ಒಂದೇ ಮನೆಯವರಿಗೆ. ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲ ಮನೆ, ಎಷ್ಟೇ ಹಳೆಯದಾದರೂ ಓಲ್ಡರ್ ಮಾತ್ರ.

ಫಾರ್ದರ್ ಎಂದರೆ ಇನ್ನೂ ದೂರ. ಮಡಿಕೇರಿಯಿಂದ ಹೊರಟವರಿಗೆ ಭಾಗಮಂಡಲಕ್ಕಿಂತ ತಲಕಾವೇರಿ ಫಾರ್ದರ್, ಸುಮಾರು 8 ಕಿಲೋಮೀಟರ್ ಜಾಸ್ತಿ. ಫರ್ದರ್ ದೂರಕ್ಕೂ ನಡೆಯುತ್ತದೆ, 'ಇನ್ನೂ ಹೆಚ್ಚಿನ' ಎಂಬ ಅರ್ಥಕ್ಕೂ ನಡೆಯುತ್ತದೆ. ಹಾಗಾಗಿ ಅತಿಥಿಗಳಿಗೆ ಬರೆಯುವಾಗ 'ಫರ್ದರ್ ಡೀಟೇಲ್ಸ್' ಎಂದೇ ಬರೆಯಿರಿ, ಅಲ್ಲಿ ಫಾರ್ದರ್ ಹಾಕಬೇಡಿ.